ಗರಗಸದ ಮುಂದೆ ಹಸಿರು ಬಳೆ

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ತವರೂರು ಅಗರಖೇಡದಲ್ಲಿ ನನ್ನನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ಸಿಂದಗಿಗೆ ಸೊಸೆಯಾಗಿ ಬಂದ ಮೇಲೆ ಆ ಹೆಸರು ಹೋಯಿತು, ಖಾರ ಹೋಗಲಿಲ್ಲ. ಆದರೆ ಈಗ ಹೇಳುವ ಸಂಗತಿಯಲ್ಲಿ ಯಾರ ಮೇಲೆ ಸಿಟ್ಟಾಗಬೇಕು ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ಗಂಡನ ಮೇಲೆ ಆಗಿ ನೋಡಿದೆ, ಅತ್ತೆಯ ಮೇಲೆ ಆಗಿ ನೋಡಿದೆ, ಮಷಿನ್ನಿಗೂ ಬಾಯಿಗೆ ಬಂದಂತೆ ಬಯ್ದೆ. ಮನಸ್ಸು ಹಗುರಾಗಲಿಲ್ಲ.

ಇಂಡಿಗೆ ಹೋಗುವ ರಸ್ತೆಯಲ್ಲಿ ನಮ್ಮ ಬಡಗಿ ಕೆಲಸದ ಶೆಡ್ಡು ಇದೆ. ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ. ಶೆಡ್ಡಿನ ನಟ್ಟನಡುವೆ ರಂದಾ ಮಷಿನ್. ಒಂದೇ ಕಬ್ಬಿಣದ ಮೇಜು. ಒಂದು ಕಡೆ ಹಲಗೆ ಹೆರೆದು ನುಣುಪು ಮಾಡುವ ರಂದಾ, ಇನ್ನೊಂದು ಕಡೆ ಹಲಗೆ ಸೀಳುವ ದುಂಡು ಗರಗಸ. ಮೋಟಾರು ಎರಡಕ್ಕೂ ಒಂದೇ. ಸ್ವಿಚ್ ಹಾಕಿದರೆ ಮೊದಲು ಗುಂಯ್ ಎಂದು ಶುರುವಾಗಿ, ಆಮೇಲೆ ಪಕ್ಕದವರ ಮಾತು ಕಿವಿಗೆ ಬೀಳದಷ್ಟು ಜೋರಾಗಿ ಕಿರುಚುತ್ತದೆ. ಹೂವಿನ ಹಿಪ್ಪರಗಿಯ ಹೊಸ ಮನೆಗಳ ಬಾಗಿಲು, ನಿಡಗುಂದಿ ಕಡೆಯವರ ಕಿಟಕಿ ಚೌಕಟ್ಟು, ಮುದ್ದೇಬಿಹಾಳದಲ್ಲಿ ಕೆಡವಿದ ಹಳೇ ವಾಡೆ ಮನೆಗಳ ಸಾಗವಾನಿ ತೊಲೆ, ಎಲ್ಲವೂ ಈ ಮೇಜಿನ ಮೇಲೆ ಹಾದುಹೋಗಿವೆ. ಅಮಾವಾಸ್ಯೆ ಬಂದರೆ ಅದಕ್ಕೆ ವಿಭೂತಿ, ಕುಂಕುಮ, ಲಿಂಬೆಹಣ್ಣು. ಆ ದಿನ ಅದನ್ನು ಯಾರೂ ಚಾಲು ಮಾಡುವುದಿಲ್ಲ. ಉಳಿದ ದಿನ ನಮ್ಮ ಒಲೆ ಉರಿಯುವುದು ಅದರಿಂದಲೇ.

ನನ್ನ ಗಂಡ ಈ ಕಸುಬನ್ನು ಬಸವನ ಬಾಗೇವಾಡಿಯಲ್ಲಿ ಒಬ್ಬ ಹಿರಿಯ ಮೇಸ್ತ್ರಿಯ ಕೈಕೆಳಗೆ ಕಲಿತವರು. ಆ ಮೇಸ್ತ್ರಿಗೆ ಎಡಗೈ ಹೆಬ್ಬೆರಳು ಇರಲಿಲ್ಲವಂತೆ. ಅದನ್ನು ದಿನಾ ನೋಡಿಕೊಂಡು ಕಲಿತದ್ದಕ್ಕೋ ಏನೋ, ಮಷಿನ್ ವಿಷಯ ಬಂದರೆ ಇವರು ಯಾರ ಮಾತಿಗೂ ಸೊಪ್ಪು ಹಾಕುವವರಲ್ಲ. ಗರಗಸದ ಮೇಲಿನ ಮುಚ್ಚಳ ಬಿಚ್ಚಿಟ್ಟು ಕೆಲಸ ಮಾಡುವ ಬಡಗಿಗಳನ್ನು ಕಂಡರೆ ಮುಖದ ಮೇಲೇ ಬಯ್ಯುತ್ತಿದ್ದರು. ಉಳಿದಂತೆ ಬಲು ಮೆತ್ತನೆಯ ಮನುಷ್ಯ. ನಾನು ಹತ್ತು ಮಾತಾಡಿದರೆ ಅವರದು ಒಂದು.

ಅಂಥವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಚಟ ಇಲ್ಲ, ಕುಡಿತ ಇಲ್ಲ, ದಿನವಿಡೀ ಮೈಮುರಿದು ದುಡಿಯುವ ದೇಹ. ಎದೆಯಲ್ಲಿ ಏನೋ ಹಿಡಿದಂತಾಗುತ್ತಿದೆ ಎಂದು ಹಲಗೆಯ ರಾಶಿಗೆ ಒರಗಿ ಕೂತವರಿಗೆ ಮತ್ತೆ ಏಳಲಾಗಲಿಲ್ಲ. ವಿಜಯಪುರದ ದವಾಖಾನೆಯಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. ಭಾರ ಎತ್ತಬೇಡಿ, ಓಡಬೇಡಿ, ಗಾಬರಿಯಾಗಬೇಡಿ ಎಂದು ಡಾಕ್ಟರು ಅವರಿಗೆ ಹೇಳಿದರು. ಇವರನ್ನು ಗಾಬರಿ ಮಾಡಬೇಡಿ ಎಂದು ನನಗೆ ಹೇಳಿದರು. ನನ್ನ ಮುಖ ನೋಡಿಯೇ ಹೇಳಿದರೇನೋ.

ಶೆಡ್ಡು ಮುಚ್ಚಿತು. ನಮ್ಮಲ್ಲಿ ಕೆಲಸಕ್ಕಿದ್ದಾತ ಅಷ್ಟರಲ್ಲೇ ಪುಣೆಗೆ ಹೋಗಿಬಿಟ್ಟಿದ್ದ, ಬೇರೆಯವರು ಸಿಗಲಿಲ್ಲ. ಬಾಗಿಲು ಕೇಳಿಕೊಂಡು ಬಂದವರು ಬೀಗ ನೋಡಿ ವಾಪಸು ಹೋಗುತ್ತಿದ್ದರು. ಗಂಡ ಅಂಗಳದಲ್ಲಿ ಕೂತು ಆ ಬೀಗವನ್ನೇ ನೋಡುವರು. ನನಗೆ ಅದು ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ಹಲಗೆಯ ಆ ತುದಿ ಹಿಡಿಯುವುದು ನನ್ನ ಕೆಲಸವೇ ಆಗಿತ್ತು. ಅವರು ಈ ಕಡೆಯಿಂದ ನೂಕಿದ ಹಲಗೆಯನ್ನು ನಾನು ಆ ಕಡೆಯಿಂದ ಹಿಡಿದು ಇಳಿಸುತ್ತಿದ್ದೆ. ಆ ಕಡೆ ನಿಲ್ಲುವವಳಿಗೆ ಈ ಕಡೆ ನಿಲ್ಲಲು ಬರುವುದಿಲ್ಲವೇ ಎಂದು ಕೇಳಿದೆ. ಅವರು ಎದ್ದು ಹೋಗಿ ಬೀಗ ತೆಗೆದರು.

ಕಲಿಸುವಾಗ ಅವರು ನನ್ನ ಗಂಡನೇ ಅಲ್ಲ, ಬೇರೆ ಯಾರೋ. ಸ್ವಿಚ್ಚಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ಒಂದೊಂದಕ್ಕೂ ತಡೆಯುವರು. ಹಲಗೆಯ ನೇರಕ್ಕೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ಗರಗಸ ಹಲಗೆಯನ್ನು ಹಿಂದಕ್ಕೆ ಒಗೆದರೆ ಅದು ಬರುವುದು ಹೊಟ್ಟೆಗೇ. ಹಲಗೆಯ ಕೊನೆಯನ್ನು ಕೈಯಿಂದ ನೂಕಬಾರದು, ಅದಕ್ಕೆಂದೇ ಮಾಡಿಟ್ಟ ತುಂಡಿನಿಂದ ನೂಕಬೇಕು. ಹಳೇ ತೊಲೆಯಾದರೆ ಮೊದಲು ಇಡೀ ಮೈ ಸವರಿ ಮೊಳೆ ಹುಡುಕಬೇಕು. ಕಟ್ಟಿಗೆಯ ಹೊಟ್ಟು ತೆಗೆಯಬೇಕೆಂದರೆ ಮೇನ್ ಬಂದ್ ಮಾಡಿ, ಬ್ಲೇಡು ಪೂರಾ ನಿಲ್ಲುವ ತನಕ ಕಾಯಬೇಕು. ಮಷಿನ್ ನಡೆದಾಗ ಯಾರು ಕರೆದರೂ ತಲೆ ಎತ್ತಬಾರದು, ಸಾಕ್ಷಾತ್ ದೇವರೇ ಬಂದು ಕರೆದರೂ ಸರಿ. ಕೈಗವಸು ಬೇಡ, ಬ್ಲೇಡಿಗೆ ಅರಿವೆಯ ತುದಿ ಸಿಕ್ಕರೂ ಕೈಯನ್ನೇ ಎಳೆದುಕೊಳ್ಳುತ್ತದೆ ಎಂದರು. ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ ನನಗೆ ನಿಲ್ಲುವುದು, ನಡೆಯುವುದು ಕಲಿಸಿದರು. ನಾನು ಗೊಣಗಿದೆ, ಆದರೂ ಕಲಿತೆ.

ಜಡೆಯನ್ನು ತುರುಬು ಮಾಡಿ ಅರಿವೆ ಕಟ್ಟಿದೆ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಗಿಸಿದೆ. ತಾಳಿಯನ್ನು ರವಿಕೆಯ ಒಳಗೆ ಹಾಕಿ ಪಿನ್ ಚುಚ್ಚಿದೆ. ಉಳಿದದ್ದು ಬಳೆ.

ಬಳೆಯ ಮಾತು ಬಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ತೆಗೆದಿಟ್ಟು ಬಾ ಎಂದರು. ಚಹಾ ತಾ ಎನ್ನುವಷ್ಟು ಸಲೀಸಾಗಿ. ಗಂಡನ ಎದುರಿಗೆ, ಗಂಡನೇ ಹೇಳಿ, ಕೈ ಬರಿದು ಮಾಡಿಕೊಳ್ಳುವುದೆಂದರೇನು? ಬೇರೆ ಹೊತ್ತಾಗಿದ್ದರೆ ನಕ್ಕು ಬಿಡುತ್ತಿದ್ದೆನೇನೋ. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡ ಮನುಷ್ಯ ಅವರು. ಆಗೋದಿಲ್ಲ ಎಂದೆ. ಅವರು ದನಿ ಏರಿಸಲಿಲ್ಲ.

"ಮಷಿನ್ನಿಗೆ ಮುತ್ತೈದಿ ಯಾರು, ಯಾರಲ್ಲ ಅಂತ ಗೊತ್ತಾಗೂದಿಲ್ಲ. ಬಳಿ ತಗದ ಬಾ, ಆಮ್ಯಾಲೆ ಸ್ವಿಚ್ ಹಾಕು."

ಇಷ್ಟು ಹೇಳುವಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲಿನಿಂದ ಬಂದು ನಿಂತಿದ್ದರು. ನನ್ನ ಅತ್ತೆಯದು ಕಚ್ಚೆ ಸೀರೆ, ಗಟ್ಟಿ ಮೈ, ನನಗಿಂತ ಉದ್ದ ನಾಲಿಗೆ. ಮಾವ ತೀರಿಕೊಂಡು ವರ್ಷಗಳಾಗಿವೆ. ನಾನು ಮದುವೆಯಾಗಿ ಬಂದ ಹೊಸತರಲ್ಲೇ ಹೋದರು. ಅತ್ತೆ ಮಗನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನನ್ನ ಮಗ ಕಣ್ಣಮುಂದ ಕುಂತಾನ. ಅಂವ ಇರೂಮಟಾ ಈ ಮನ್ಯಾಗ ಬೋಳಗೈ ನಾ ಒಬ್ಬಾಕೀನ ಸಾಕು."

ಅದಾದ ಮೇಲೆ ಮನೆಯಲ್ಲಿ ಊಟಕ್ಕೆ ಕೂತರೂ ಬಳೆ, ಎದ್ದರೂ ಬಳೆ. ಗಂಡ ತೆಗೆ ಎನ್ನುವುದು, ಅತ್ತೆ ತೆಗೆದರೆ ನೋಡು ಎನ್ನುವುದು. ನಾನು ಬಾಯಲ್ಲಿ ಅತ್ತೆಗೆ ಬಯ್ದುಕೊಂಡೆ, ಇವರ ಕಾಲದ ಮಾತು ಇವರಿಗೇ ಇರಲಿ ಎಂದೆ. ಒಳಗೊಳಗೆ ಅತ್ತೆ ಅಡ್ಡ ಬಂದದ್ದು ನನಗೆ ಸಮಾಧಾನವೇ ಆಗಿತ್ತು. ದವಾಖಾನೆಯ ಬೆಂಚಿನ ಮೇಲೆ ಕೂತು ನಾನು ಮಾಡಿದ್ದಾದರೂ ಏನು? ಕೈಯಲ್ಲಿನ ಬಳೆಗಳನ್ನು ಒಂದೊಂದಾಗಿ ಸರಿಸುತ್ತ, ಇವು ಇರಲಿ, ಇವು ಇರಲಿ ಎಂದು ಬೇಡಿಕೊಂಡದ್ದು. ಅವರು ಎದ್ದು ಬಂದರು. ಡಾಕ್ಟರು ಎಬ್ಬಿಸಿದರು ಎಂದು ನನಗೂ ಗೊತ್ತು. ಆದರೆ ಬೇಡಿಕೊಂಡವಳು ನಾನು, ಅದನ್ನು ಹೇಗೆ ಮರೆಯಲಿ? ಬಳೆ ತೆಗೆದ ದಿನವೇ ಅವರಿಗೆ ಏನಾದರೂ ಆದರೆ ನಾನು ಬದುಕಿ ಏನು ಮಾಡಲಿ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ.

ದಾರಿ ತೋರಿಸಿದ್ದು ಬಳೆಗಾರ ಚಾಚಿ. ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಬಳೆ ಇಡುವ ಮುಸ್ಲಿಂ ಹೆಂಗಸು. ಅವರ ಅತ್ತೆ ನಮ್ಮ ಅತ್ತೆಗೆ ಬಳೆ ಇಟ್ಟವರು, ಅಷ್ಟು ಹಳೆಯ ಬಳಕೆ. ಸಂಗತಿ ಕೇಳಿ ಅವರೂ ಲೊಚಗುಟ್ಟಿದರು. ಸಡಿಲು ಬಳೆಯಾದರೆ ತಾನೇ ಜಾರಿ ಅಡ್ಡ ಬರುವುದು, ಬಿಗಿ ಬಳೆ ಇಟ್ಟರೆ ಮುಂಗೈಗೆ ಕಚ್ಚಿಕೊಂಡು ಕೂರುತ್ತವೆ ಎಂದರು. ಸಾಬೂನು ನೀರು ಹಚ್ಚಿ, ನನ್ನ ಕೈ ಹಿಂಡಿ ಹಿಂಡಿ ಎರಡೂ ಕೈಗೆ ಸಣ್ಣ ಅಳತೆಯ ಹಸಿರು ಗಾಜಿನ ಬಳೆ ಏರಿಸಿದರು. ಕಣ್ಣಲ್ಲಿ ನೀರು ಬಂತು. ಅದರ ಮೇಲೆ ನನ್ನದೊಂದು ಜಾಣತನ: ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ಅಂಗಿ ಹಾಕಿಕೊಳ್ಳುವುದಿಲ್ಲವೇ, ಹಾಗೆ ಇವರ ತುಂಬುತೋಳಿನ ಅಂಗಿಯೊಂದನ್ನು ಹಾಕಿ, ತೋಳಿನ ಗುಂಡಿಯನ್ನು ಬಳೆಗಳ ಮೇಲೆ ಬಿಗಿದೆ. ಬಳೆ ಕಾಣುವುದೂ ಇಲ್ಲ, ಅಲುಗುವುದೂ ಇಲ್ಲ. ಅತ್ತೆ ಒಪ್ಪಿದರು. ಗಂಡ ಒಪ್ಪಲಿಲ್ಲ. ತೋಳನ್ನು ಮೊಣಕೈ ಮೇಲೆ ಮಡಚು, ಬಳೆ ತೆಗೆ ಎಂದು ಮತ್ತೆ ಅದೇ ಹಾಡು. ನಾನು ಅವರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಸ್ವಿಚ್ ಒತ್ತಿದೆ. ಡಾಕ್ಟರು ಗಾಬರಿಯಾಗಬೇಡಿ ಎಂದಿದ್ದರಿಂದ ಅವರು ಜಗಳ ಬೆಳೆಸುವ ಹಾಗಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ಕೆಲಸ ನಡೆಯಿತು. ಒಳ್ಳೆಯದೇ ನಡೆಯಿತು ಎನ್ನಬೇಕು. ನನ್ನ ಕೈಯಲ್ಲಿ ಹಲಗೆ ನೇರ ಬರತೊಡಗಿತು. ಹೆಂಗಸು ಮಷಿನ್ ಹೊಡೆಯುತ್ತಾಳಂತೆ ಎಂದು ನೋಡಲು ಬಂದವರೂ ಇದ್ದರು. ಅವರನ್ನು ನನ್ನ ಬಾಯಿಯೇ ಓಡಿಸಿತು. ಭಾರದ ತೊಲೆ ಇಳಿಸಲು ಪಕ್ಕದ ಸಿಮೆಂಟ್ ಅಂಗಡಿಯ ಹಮಾಲರು ಬರುತ್ತಿದ್ದರು. ಗಂಡ ಅಳತೆ ಹೇಳುವರು, ಗುರುತು ಹಾಕುವರು, ಕೂತಲ್ಲೇ ಚೌಕಟ್ಟಿನ ಮೂಲೆ ಜೋಡಿಸುವರು. ಮುಖಕ್ಕೆ ಸ್ವಲ್ಪ ಕಳೆ ಬಂತು. ಮಷಿನ್ ಚಾಲು ಆದಾಗ ಮಾತ್ರ ಅವರು ಕುರ್ಚಿಯ ತುದಿಗೆ ಬರುತ್ತಿದ್ದರು. ನನ್ನ ಮುಂಗೈ ಬಿಟ್ಟು ಬೇರೆ ಎಲ್ಲಿಯೂ ಅವರ ದೃಷ್ಟಿ ಇರುತ್ತಿರಲಿಲ್ಲ. ಅದು ನನಗೆ ಕಿರಿಕಿರಿ. ಹೀಗೆ ನೋಡಿದರೆ ನನ್ನ ಕೈ ನಡುಗುತ್ತದೆ ಎಂದು ರೇಗಿದ್ದೂ ಉಂಟು.

ಆ ದಿನ ಹೂವಿನ ಹಿಪ್ಪರಗಿಯವರ ಬಾಗಿಲ ಚೌಕಟ್ಟಿಗೆ ಜಾಲಿ ಹಲಗೆ ಸೀಳುತ್ತಿದ್ದೆ. ಮಧ್ಯಾಹ್ನದ ಊಟ ಆಗಿತ್ತು. ಜಾಲಿ ಬಲು ಹಟಮಾರಿ ಕಟ್ಟಿಗೆ, ಒಳಗೆ ತಿರುಚಿಕೊಂಡಿರುತ್ತದೆ. ಅರ್ಧ ಸೀಳಿದ ಮೇಲೆ ಸೀಳು ಹಿಂದಿನಿಂದ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿತು. ಮೋಟಾರಿನ ದನಿ ಕೆಳಗಿಳಿಯಿತು. ಇಂಥ ಹೊತ್ತಿಗೆ ಏನು ಮಾಡಬೇಕು ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದರೋ: ಹಲಗೆ ಬಿಡು, ಪಕ್ಕಕ್ಕೆ ಸರಿ. ನಾನು ಬಿಟ್ಟೆ. ಬಲಗೈ ಬಂತು, ಎಡಗೈ ಬರಲಿಲ್ಲ. ಹಲಗೆಯ ಅಂಚಿನಿಂದ ಎದ್ದಿದ್ದ ಉದ್ದನೆಯ ಸಿಬಿರೊಂದು ಅಂಗಿಯ ತೋಳಿನೊಳಗೆ ತೂರಿ ಬಳೆಗಳ ಕೆಳಗೆ ಸಿಕ್ಕಿಕೊಂಡಿತ್ತು. ಬಿಗಿ ಬಳೆ, ಬಿಗಿ ಗುಂಡಿ. ಕೈ ಜಗ್ಗಿದೆ, ಹಲಗೆಯೂ ಜೊತೆಗೆ ಬಂತು. ಅಷ್ಟರಲ್ಲಿ ಬ್ಲೇಡು ಹಲಗೆಯನ್ನು ಎತ್ತಿ ಅಡ್ಡಕ್ಕೆ ತಿರುಗಿಸಿತು. ನನ್ನ ಕೈ ಆ ಹಲಗೆಯ ಸಂಗಡ ಬ್ಲೇಡಿನ ಕಡೆ ಹೊರಟಿತು.

ಅವರು ಕುರ್ಚಿಯಿಂದ ಎದ್ದದ್ದು ನಾನು ನೋಡಲಿಲ್ಲ. ಕುರ್ಚಿ ಬಿದ್ದ ಸದ್ದೂ ಕೇಳಲಿಲ್ಲ. ಮೇನ್ ಸ್ವಿಚ್ ಹೊಡೆದು, ಮಷಿನ್ ಸುತ್ತಿ ಓಡಿ ಬಂದು ನನ್ನ ರಟ್ಟೆ ಹಿಡಿದು ಮೈಯನ್ನೆಲ್ಲ ಹಿಂದಕ್ಕೆ ಎಳೆದರು. ಬ್ಲೇಡು ಇನ್ನೂ ತಿರುಗುತ್ತಲೇ ಇತ್ತು. ಬಳೆಗಳು ಪುಡಿಪುಡಿಯಾಗಿ ಸಿಡಿದವು. ಕೈ ಬಿಡಿಸಿಕೊಂಡಿತು. ಕಿರುಬೆರಳಿನ ತುದಿ ಹೋಗಿತ್ತು, ಮುಂಗೈ ತುಂಬ ಗಾಜು ಚುಚ್ಚಿತ್ತು. ನೋವು ಇನ್ನೂ ಶುರುವಾಗಿರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ನನ್ನ ರಟ್ಟೆ ಬಿಟ್ಟು, ಎದೆಯ ಮೇಲೆ ಕೈ ಇಟ್ಟುಕೊಂಡು, ಹೊಟ್ಟಿನ ರಾಶಿಯ ಮೇಲೆ ಮೆಲ್ಲಗೆ ಕೂತರು. ಆಮೇಲೆ ಅಡ್ಡಾದರು.

ನಾನು ಒದರಿದ್ದು ಸಿಮೆಂಟ್ ಅಂಗಡಿಯ ತನಕ ಕೇಳಿಸಿತಂತೆ. ಹಮಾಲರೇ ಬಂದು ಎತ್ತಿದರು. ಅಂಬುಲೆನ್ಸಿನಲ್ಲಿ ಅವರು ಮಲಗಿದ್ದರು, ಬಾಯಿಗೆ ಆಕ್ಸಿಜನ್. ನಾನು ಎಡಗೈಗೆ ಅತ್ತೆಯ ಸೆರಗಿನ ಚೂರು ಸುತ್ತಿಕೊಂಡು ಕಾಲ ಹತ್ತಿರ ಕೂತಿದ್ದೆ. ಅತ್ತೆ ಮಗನ ಪಾದ ಉಜ್ಜುತ್ತಿದ್ದರು. ಯಾರ ಜೀವ ಉಳಿಯಲಿ ಎಂದು ಬಳೆ ಬಿಡದೆ ಹಿಡಿದಿದ್ದೆನೋ, ಆ ಬಳೆಯೇ ಅವರನ್ನು ಓಡಿಸಿತಲ್ಲ. ಆದರೂ ನೋಡಿ, ಹಾಳಾದ ಮನಸ್ಸು, ಗಾಯವಾಗದ ಬಲಗೈಯಲ್ಲಿ ಉಳಿದ ಬಳೆಗಳನ್ನು ನೋಡಿ ಇವು ಇರಲಿ ಎನ್ನುತ್ತಲೇ ಇತ್ತು.

ಅವರು ಉಳಿದರು. ಸ್ವಲ್ಪದರಲ್ಲಿ ಪಾರಾಗಿದ್ದಾರೆ, ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಅತ್ತೆಯನ್ನೂ ನನ್ನನ್ನೂ ನಿಲ್ಲಿಸಿಕೊಂಡು ಹೇಳಿದರು. ನನ್ನ ಬೆರಳಿಗೆ ಹೊಲಿಗೆ ಹಾಕಿದರು. ಗಾಜಿನ ಚೂರು ತೆಗೆಯುತ್ತ ನರ್ಸಮ್ಮ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ನಾನು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಊರಿಗೆ ಬಂದು ಬೆರಳು ಮಾಯ್ದ ಮೇಲೆ ಅತ್ತೆ ಮೊದಲು ಕರೆಸಿದ್ದು ಬಳೆಗಾರ ಚಾಚಿಯನ್ನು. ಬಳೆ ಒಡೆದವು ಎನ್ನಬಾರದು ನಮ್ಮಲ್ಲಿ, ಹೆಚ್ಚಿದವು ಎನ್ನಬೇಕು. ಚಾಚಿ ಹಾಗೆಯೇ ಅನ್ನುತ್ತ ಎಡಗೈಗೆ ಮತ್ತೆ ಹಸಿರು ಬಳೆ ಇಟ್ಟರು, ಈ ಸಲ ಕಣ್ಣು ಮೇಲೆತ್ತಲಿಲ್ಲ. ನಾನೂ ಕೈ ಒಡ್ಡಿದೆ. ಮೊದಲಿಗಿಂತ ಈಗ ನನಗೆ ಹೆಚ್ಚು ಹೆದರಿಕೆ. ಒಮ್ಮೆ ಎಡಗೈ ಬರಿದಾಗಿದ್ದೇ ಅವರು ಅಡ್ಡಾದದ್ದನ್ನು ನೋಡಿದ್ದೆನಲ್ಲ. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು ಎಂದು ಲೆಕ್ಕ ಹಾಕುವ ತಲೆ ನನಗೆ ಉಳಿದಿರಲಿಲ್ಲ.

ಶೆಡ್ಡು ಮಾತ್ರ ತೆರೆಯಲೇಬೇಕಿತ್ತು. ಹಿಪ್ಪರಗಿಯವರು ಗೃಹಪ್ರವೇಶಕ್ಕೆ ಕಾಯುತ್ತಿದ್ದರು, ಪಾಪ, ಒಂದು ಮಾತೂ ಕೆಟ್ಟದ್ದು ಆಡದೆ. ಬೆಳಿಗ್ಗೆ ಬೀಗ ತೆಗೆದು ಕಸ ಹೊಡೆದೆ. ಹೊಟ್ಟಿನಲ್ಲಿ ಇನ್ನೂ ಹಸಿರು ಗಾಜಿನ ಚೂರು ಮಿನುಗುತ್ತಿದ್ದವು. ಗಂಡ ಬಂದು ನನ್ನ ಕೈ ನೋಡಿದರು, ತೆಗೆ ಎನ್ನಲಿಲ್ಲ. ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ. ಕುರ್ಚಿಯನ್ನು ಎಳೆದು ಗೋಡೆಗೆ, ಮೇನ್ ಸ್ವಿಚ್ಚಿನ ಕೆಳಗೆ ಹಾಕಿಕೊಂಡು ಕೂತು, ಸ್ವಿಚ್ಚಿನ ಮೇಲೆ ಕೈ ಇಟ್ಟರು.

"ಇನ್ನ ನಾ ಏನೂ ಅನ್ನೂದಿಲ್ಲ. ನೀ ಕೆಲಸ ಮಾಡೂತನಾ ನಾ ಹಿಂಗ ಕೈ ಇಟಗೊಂಡ ಕುಂಡರ್ತೇನಿ."

ಮಷಿನ್ ಇನ್ನೂ ಚಾಲು ಆಗಿರಲಿಲ್ಲ, ಆಗಲೇ ಅವರ ಹಣೆಯಲ್ಲಿ ಬೆವರು. ದಿನವಿಡೀ ಹೀಗೆ ಕೂತರೆ ಆ ಎದೆ ಎಷ್ಟು ತಡೆದೀತು? ಬಳೆ ತೆಗೆಯಲೂ ಧೈರ್ಯವಿಲ್ಲ, ಸ್ವಿಚ್ ಹಾಕು ಎನ್ನಲೂ ಧೈರ್ಯವಿಲ್ಲ. ಹಲಗೆ ಹಿಡಿದೇ ನಿಂತೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಒಳಗೆ ಹೋದರು. ಸಿಟ್ಟಿನಿಂದ ಹೋದರು ಎಂದುಕೊಂಡೆ. ಒಂದು ಬಟ್ಟಲು ನೀರು, ಬಟ್ಟೆ ಒಗೆಯುವ ಸಾಬೂನಿನ ತುಂಡು ಹಿಡಿದುಕೊಂಡು ಬಂದರು. ಹಲಗೆಯನ್ನು ನನ್ನ ಕೈಯಿಂದ ಬಿಡಿಸಿ ಕೆಳಗಿಟ್ಟರು. ಮಾವ ಹೋದಾಗಿನಿಂದ ಅತ್ತೆ ನನ್ನ ಬಳೆಯನ್ನು ಮುಟ್ಟಿದವರಲ್ಲ. ಚಾಚಿ ಬಂದಾಗಲೂ ದೂರ ಕೂರುವವರು. ಈಗ ನನ್ನ ಎರಡೂ ಮುಂಗೈ ಹಿಡಿದುಕೊಂಡರು.

"ನಿಮ್ಮ ಮಾವ ಹ್ವಾದಾಗ ನನ್ನ ಎರಡೂ ಕೈ ತುಂಬ ಬಳಿ ಇದ್ದುವು," ಎಂದರು. "ಅವರ ಕೈ ಗಟ್ಟ್ಯಾಗಿ ಹಿಡಕೊಂಡ ಕುಂತಿದ್ದೆ. ನಿಂದರಲಿಲ್ಲ ಅವರು. ತಾ ಇಲ್ಲಿ ಕೈ."

ಇಷ್ಟು ವರ್ಷ ಅತ್ತೆ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಸಾಬೂನು ಹಚ್ಚಿ, ತುಂಡಾದ ಕಿರುಬೆರಳಿಗೆ ನೋವಾಗದಂತೆ ಒತ್ತಿ ಹಿಡಿದು, ಒಂದೊಂದೇ ಬಳೆ ಜಾರಿಸಿದರು. ಒಂದೂ ಒಡೆಯಲು ಬಿಡಲಿಲ್ಲ. ತೆಗೆದದ್ದನ್ನೆಲ್ಲ ತಮ್ಮ ಮಡಿಲಿಗೆ ಹಾಕಿಕೊಂಡರು. ಎಡಗೈ ಮುಗಿಸಿ ಬಲಗೈಗೆ ಬಂದಾಗ ನಾನು ಗಂಡನ ಕಡೆ ನೋಡಿದೆ. ತೆಗೆ, ತೆಗೆ ಎಂದು ಇಷ್ಟು ದಿನ ಜೀವ ತಿಂದ ಮನುಷ್ಯ ಸ್ವಿಚ್ಚಿನ ಮೇಲಿನ ಕೈ ಇಳಿಸಿ ಎದ್ದರು. ನನ್ನ ಬರಿಗೈ ನೋಡಲಾರದೆ ಹೊರಗೆ ಹೋಗಿ, ನಮಗೆ ಬೆನ್ನು ಮಾಡಿ ರಸ್ತೆಯ ಅಂಚಿಗೆ ನಿಂತರು.